ಚೈನೀಸ್ ಪದ ಒಂದನ್ನ ಬಿಚ್ಚಿ ನೋಡೋದು ಹೇಗೆ: ನಾಟಿ ಕೋಳಿ, ಸೀಮೆಎಣ್ಣೆ ಗೊತ್ತಿದ್ರೆ ಅರ್ಧ ಕೆಲಸ ಆಯ್ತು

ನಮ್ಮ ಕೋಲಾರದ ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡೋ ಹುಡುಗ್ರು ಹುಡುಗೀರು ನನ್ನ ಕೇಳ್ತಾನೇ ಇರ್ತಾರೆ, ಅಕ್ಕ ನೀವು ಚೈನೀಸ್ ಹೇಗೆ ಕಲಿತ್ರಿ, ಯಾವ ಆಪು, ಎಷ್ಟು ದಿನ ಹಿಡೀತು ಅಂತ. ಮಾತಾಡೋದು ಕಲಿಯೋಕೆ ಯೂಟ್ಯೂಬಲ್ಲಿ ಬೇಕಾದಷ್ಟು ಪಾಠ ಇದಾವೆ, ಅದನ್ನ ನಾನು ಇಲ್ಲಿ ಹೇಳಲ್ಲ. ನಾನು ಹೇಳೋದು ಅದರ ಮುಂದಿನ ಕೆಲಸ. ಒಂದು ಪದ ಸಿಕ್ತು, ಡಿಕ್ಷನರೀಲಿ ಅರ್ಥನೂ ಸಿಕ್ತು, ಆದ್ರೆ ಆ ಜನ ಅದನ್ನ ಯಾವ ಮನಸ್ಸಲ್ಲಿ ಹೇಳ್ತಾರೆ, ಯಾರಿಗೆ ಹೇಳ್ತಾರೆ, ಅವರ ಪೇಪರಲ್ಲಿ ಅದನ್ನ ಯಾಕೆ ಹಂಗೇ ಬರೀತಾರೆ, ಇದನ್ನ ಹಿಡಿಯೋದು ಹೇಗೆ ಅನ್ನೋದು.

ನಾನು ಇದಕ್ಕೆ ಬಿದ್ದಿದ್ದು ಒಂದು ಮೆಸೇಜಿಂದ. ನೈಟ್ ಶಿಫ್ಟ್ ಮುಗೀತಿತ್ತು, ಲೈನ್ ಎರಡು ಗಂಟೆ ನಿಂತು ಹೋಗಿ ಎಲ್ರೂ ಒದ್ದಾಡಿ ಮತ್ತೆ ಶುರು ಮಾಡಿದ್ವಿ, ಬೆಳಿಗ್ಗೆ ಆರಕ್ಕೆ ತೈವಾನ್ ಇಂಜಿನಿಯರ್ ಒಬ್ರು ಗ್ರೂಪಲ್ಲಿ ಒಂದು ಸಾಲು ಹಾಕಿದ್ರು. ಮೊಬೈಲ್ ಟ್ರಾನ್ಸ್‌ಲೇಟರ್ ಅದನ್ನ "ನೀವು ಕಷ್ಟದಲ್ಲಿದ್ದೀರಿ" ಅಂತ ತೋರಿಸ್ತು. ನಮ್ಮ ಲೈನಲ್ಲಿ ಒಬ್ಬಳು ಅಳೋದೇ ಬಾಕಿ, ಕೆಲಸದಿಂದ ತೆಗೀತಾರೆ ಅಂದ್ಕೊಂಡು. ಆ ಪದ ಶಿನ್ ಖೂ. ಶಿನ್ ಅಂದ್ರೆ ಖಾರ, ಘಾಟು. ಖೂ ಅಂದ್ರೆ ಕಹಿ. ಎರಡೂ ಸೇರಿದ್ರೆ ಶ್ರಮ. ಅದನ್ನ ಒಬ್ರಿಗೆ ಹೇಳಿದ್ರೆ "ಪಾಪ ತುಂಬಾ ದಣಿದ್ರಿ, ನಿಮ್ಮಿಂದ ಆಯ್ತು" ಅಂತ. ನಮ್ಮನೇಲಿ ಹೊಲದಿಂದ ಬಂದೋರಿಗೆ ನೀರು ಕೊಡ್ತಾ ಅಜ್ಜಿ ಹೇಳ್ತಾರಲ್ಲ, "ದಣಿದು ಬಂದ್ರಿ, ಕೂತ್ಕೊಳಿ" ಅಂತ, ಅದೇ. ಥ್ಯಾಂಕ್ಸ್ ಅನ್ನೋದಕ್ಕಿಂತ ಒಂದು ತೂಕ ಜಾಸ್ತಿ. ಅವತ್ತಿಂದ ನಾನು ಟ್ರಾನ್ಸ್‌ಲೇಟರ್ ತೋರಿಸಿದ್ದನ್ನ ನಂಬೋದು ಬಿಟ್ಟು ಪದಗಳನ್ನ ನೋಟ್‌ಬುಕ್ಕಲ್ಲಿ ಬರ್ಕೊಳೋಕೆ ಶುರು ಮಾಡ್ದೆ.

ಮೊದ್ಲು ಕಿವಿ ಸರಿ ಮಾಡ್ಕೊಳಿ, ಇದು ಬೇಗ ಮುಗಿಯುತ್ತೆ. ಪಿನ್‌ಯಿನ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಚೈನೀಸ್ ಬರೆಯೋ ಪದ್ಧತಿ ಇದೆ, 1958ರಿಂದ ಚೀನಾದಲ್ಲಿ ಅಧಿಕೃತ. ಅದರಲ್ಲಿ ಬಿ, ಡಿ, ಜಿ ಅಂತ ಕಂಡಿದ್ದನ್ನ ಬ, ದ, ಗ ಅಂತ ಓದ್ಬೇಡಿ, ಅದು ನಮ್ಮ ಪ, ತ, ಕ. ಪಿ, ಟಿ, ಕೆ ಅಂತ ಇರೋದು ಮಹಾಪ್ರಾಣ, ಉಸಿರು ಬಿಟ್ಟು ಹೇಳೋದು, ಥ ಖ ತರ. ಇಂಗ್ಲಿಷ್‌ನೋರು ಇದಕ್ಕೆ ಒದ್ದಾಡ್ತಾರೆ, ನಮಗೆ ಒಂದನೇ ಕ್ಲಾಸಲ್ಲೇ ಅಲ್ಪಪ್ರಾಣ ಮಹಾಪ್ರಾಣ ಬರೆಸಿ ಬರೆಸಿ ಕೈ ನೋಯಿಸಿದ್ದಾರೆ, ಅದು ಇಲ್ಲಿ ಕೆಲಸಕ್ಕೆ ಬರುತ್ತೆ. ಆಮೇಲೆ ನಾಲ್ಕು ಸ್ವರ. ಮಾ ಅನ್ನೋದನ್ನ ಎತ್ತರದಲ್ಲೇ ಎಳೆದ್ರೆ ಅಮ್ಮ, ಮೇಲಕ್ಕೆ ಏರಿಸಿದ್ರೆ ಸೆಣಬು, ಇಳಿಸಿ ಎತ್ತಿದ್ರೆ ಕುದುರೆ, ಕೆಳಕ್ಕೆ ಬೀಳಿಸಿದ್ರೆ ಬೈಯೋದು. ಇದನ್ನ ನೆನಪಿಟ್ಕೊಳಿ, ಆಮೇಲೆ ಬೇಕಾಗುತ್ತೆ.

ಈಗ ನಿಜವಾದ ಕೆಲಸ. ನಿಮ್ಮ ಕನ್ನಡದಲ್ಲೇ ಇರೋ ಜೋಡಿ ಹುಡುಕಿ, ಅಲ್ಲಿಂದ ಶುರು ಮಾಡಿ. ನನಗೆ ಮೊದ್ಲು ಬಾಗಿಲು ತೆಗೆದಿದ್ದು ಥೂ ಮತ್ತೆ ಯಾಂಗ್ ಅನ್ನೋ ಎರಡು ಅಕ್ಷರ. ಥೂ ಅಂದ್ರೆ ಮಣ್ಣು. ಯಾಂಗ್ ಅಂದ್ರೆ ಸಮುದ್ರ, ಸಮುದ್ರದ ಆಚೆಯಿಂದ ಬಂದಿದ್ದು. ಥೂ ಜೀ ಅಂದ್ರೆ ಮಣ್ಣಿನ ಕೋಳಿ ಅಂತ ಟ್ರಾನ್ಸ್‌ಲೇಟರ್ ಹೇಳುತ್ತೆ, ಅದು ನಮ್ಮ ನಾಟಿ ಕೋಳಿ ಕಣ್ರೀ, ಅಷ್ಟೇ. ರೇಟು ಜಾಸ್ತಿ, ರುಚಿ ಜಾಸ್ತಿ, ಫಾರಂ ಕೋಳಿ ಇದರ ಮುಂದೆ ಏನೂ ಅಲ್ಲ ಅನ್ನೋ ಅಭಿಮಾನನೂ ಹಾಗೇ ಇದೆ. ಯಾಂಗ್ ಯೋ ಅಂದ್ರೆ ಸಮುದ್ರದಾಚೆ ಎಣ್ಣೆ. ಅದು ಸೀಮೆಎಣ್ಣೆ! ನಮ್ಮ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಇದಾವಲ್ಲ, ಆ ಸೀಮೆ ಮಾಡೋ ಕೆಲಸನೇ ಅಲ್ಲಿ ಯಾಂಗ್ ಮಾಡುತ್ತೆ. ಬೆಂಕಿಕಡ್ಡಿ ಅವರ ಹಳೇ ಮಾತಲ್ಲಿ ಸೀಮೆ ಬೆಂಕಿ, ಈರುಳ್ಳಿ ಇವತ್ತಿಗೂ ಸೀಮೆ ಈರುಳ್ಳಿಸೊಪ್ಪು.

ನಾವು ಕೋಲಾರದೋರು, ಟೊಮೇಟೊ ವಿಷ್ಯ ಬಿಡೋಕಾಗಲ್ಲ. ಎಪಿಎಂಸೀಲಿ ಬೆಳಿಗ್ಗೆ ಕ್ರೇಟುಗಳು ಸಾಲಾಗಿ ನಿಂತಿರೋದನ್ನ ನೋಡಿ ಬೆಳೆದೋಳು ನಾನು, ಈ ಹಣ್ಣಿಗೆ ಚೈನೀಸಲ್ಲಿ ಏನಂತಾರೆ ಅಂತ ಮೊದಲ ವಾರವೇ ಹುಡುಕಿದ್ದೆ. ಎರಡು ಹೆಸರಿದೆ. ಒಂದು ಫಾನ್ ಛ್ಯೆ, ಹೊರಗಿನೋರ ಬದನೆಕಾಯಿ. ಇನ್ನೊಂದು ಶೀ ಹೊಂಗ್ ಷ್, ಪಡುವಣದ ಕೆಂಪು ಪರ್ಸಿಮನ್ ಹಣ್ಣು. ಟೊಮೇಟೊ ಅಮೆರಿಕ ಖಂಡದಿಂದ ಬಂದಿದ್ದು, ಅವರಿಗೂ ಹೊಸದು, ನಮಗೂ ಹೊಸದು. ಅವರು ಟೊಮೇಟೊಗೆ ಹೊರಗಿನ ಬದನೆ ಅಂದ್ರು, ನಾವು ಅದೇ ಅಮೆರಿಕ ಕಡೆಯಿಂದ ಬಂದ ಇನ್ನೊಂದು ಕಾಯಿಗೆ ಸೀಮೆಬದನೆ ಅಂದ್ವಿ. ಹೊಸದು ಬಂದಾಗ ಮನೇಲಿರೋ ಬದನೆಕಾಯಿ ಪಕ್ಕ ಕೂರಿಸಿ ನೋಡೋ ಬುದ್ಧಿ ಎರಡು ಕಡೆನೂ ಒಂದೇ. ಹೊರಗಿಂದು ಅನ್ನೋಕೆ ಅವರಲ್ಲಿ ಮೂರು ಪದ ಇದೆ, ಹೂ, ಫಾನ್, ಯಾಂಗ್. ಸುಮಾರಾಗಿ ಹೇಳೋದಾದ್ರೆ ಹೂ ತುಂಬಾ ಹಳೇದು, ಪಶ್ಚಿಮದ ಒಂಟೆ ದಾರೀಲಿ ಬಂದಿದ್ದು, ಫಾನ್ ಆಮೇಲಿಂದು, ಯಾಂಗ್ ಯುರೋಪಿನೋರ ಹಡಗಿನ ಕಾಲದ್ದು. ಕರಿಮೆಣಸಿಗೆ ಹೂ ಜ್ಯಾವ್ ಅಂತಾರೆ. ನಮ್ಮ ಮಲೆನಾಡಿನ ಮೆಣಸು ಅವರ ಅಡಿಗೆಮನೇಲಿ ಪಶ್ಚಿಮದೋರ ಖಾರ.

ಇಲ್ಲಿ ಒಂದು ಹೆಜ್ಜೆ ಮುಂದಕ್ಕೆ ಹೋಗಿ. ವಸ್ತುಗೆ ಅಂಟಿದ ಪದ ಮನುಷ್ಯರಿಗೂ ಅಂಟುತ್ತಾ ನೋಡಿ. ಥೂ ಛೀ ಅಂದ್ರೆ ಹಳ್ಳಿ ಗಮಾರನ ತರ ಇರೋದು, ಯಾಂಗ್ ಛೀ ಅಂದ್ರೆ ಸ್ಟೈಲಾಗಿ ಇರೋದು. ಕೋಳಿ ನಾಟಿಯಾದ್ರೆ ಬೆಲೆ ಜಾಸ್ತಿ, ಮನುಷ್ಯ ನಾಟಿಯಾದ್ರೆ ಬೆಲೆ ಕಮ್ಮಿ. ಥೂ ಛೀ ಅನ್ನೋದು ಕನ್ನಡದ ಕಿವಿಗೆ ಹೇಗೆ ಕೇಳುತ್ತೆ ಅಂತ ನಾನು ಹೇಳಬೇಕಾಗಿಲ್ಲ, ಹಾಗಾಗಿ ಮರೆಯೋದೂ ಇಲ್ಲ. ಇನ್ನೊಂದು ಥೂ ಹಾವ್. 1920ರ ದಶಕದಲ್ಲಿ ಕಮ್ಯುನಿಸ್ಟರು "ಥೂ ಹಾವ್‌ಗಳನ್ನ ಹೊಡೀರಿ, ಭೂಮಿ ಹಂಚ್ಕೊಳಿ" ಅಂತ ಘೋಷಣೆ ಕೂಗ್ತಿದ್ರು, ಅಂದ್ರೆ ಊರಿನ ದಬ್ಬಾಳಿಕೆ ಜಮೀನ್ದಾರ. 2013ರ ಹೊತ್ತಿಗೆ ಇಂಟರ್ನೆಟ್ಟಲ್ಲಿ ಅದೇ ಪದಕ್ಕೆ ಹೊಸದಾಗಿ ದುಡ್ಡು ಬಂದು ಅದನ್ನ ತೋರಿಸ್ಕೊಂಡು ಓಡಾಡೋನು ಅನ್ನೋ ಅರ್ಥ ಬಂತು, ಆ ವರ್ಷ ಚಿನ್ನದ ಬಣ್ಣದ ಐಫೋನ್ 5ಎಸ್ ಬಂದಾಗ ಆ ಬಣ್ಣಕ್ಕೇ ಥೂ ಹಾವ್ ಚಿನ್ನ ಅಂತ ಹೆಸರು ಬಿತ್ತು. ಬೈಗುಳ, ಹೊಟ್ಟೆಕಿಚ್ಚು, ಸ್ವಲ್ಪ ಆಸೆ, ಮೂರೂ ಅದರಲ್ಲಿ ಇದೆ. ಒಂದೇ ಪದ ತೊಂಬತ್ತು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಎರಡನೇ ಕೆಲಸ ಅಕ್ಷರ ಬಿಚ್ಚೋದು, ಇಲ್ಲಿ ಬಹಳ ಜನ ದಾರಿ ತಪ್ತಾರೆ. ಇನ್‌ಸ್ಟಾದಲ್ಲಿ ವೀಡಿಯೋ ಬರುತ್ತೆ, ಸೂರಿನ ಕೆಳಗೆ ಹೆಂಗಸು ಅಂದ್ರೆ ಶಾಂತಿ, ಹೆಂಗಸು ಪಕ್ಕ ಮಗು ಅಂದ್ರೆ ಒಳ್ಳೇದು, ಸೂರಿನ ಕೆಳಗೆ ಹಂದಿ ಅಂದ್ರೆ ಮನೆ, ಅಂತ. ಈ ಮೂರೂ ಅಕ್ಷರದ ಭಾಗಗಳು ನಿಜಾನೇ. ಆದ್ರೆ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವು ಕೊಡುತ್ತೆ, ಇನ್ನೊಂದು ಬರೀ ಉಚ್ಚಾರಣೆಗೆ. ಅಮ್ಮ ಅನ್ನೋ ಅಕ್ಷರ ಬಿಚ್ಚಿದ್ರೆ ಹೆಂಗಸು, ಕುದುರೆ ಸಿಗುತ್ತೆ. ಅದಕ್ಕೆ ಅಮ್ಮ ಕುದುರೆ ತರ ದುಡೀತಾಳೆ ಅಂತ ಕಥೆ ಕಟ್ಟಿದ್ರೆ ತಪ್ಪು, ಕುದುರೆ ಅಲ್ಲಿ ಮಾ ಅನ್ನೋ ಸದ್ದಿಗಾಗಿ ಕೂತಿದೆ. ಹಾಗಾಗಿ ಪ್ಲೆಕೊ ಅನ್ನೋ ಡಿಕ್ಷನರಿ ಆಪ್ ಹಾಕ್ಕೊಳಿ, ಫ್ರೀ, ಇಂಟರ್ನೆಟ್ ಇಲ್ದೇನೂ ನಡೆಯುತ್ತೆ. ಅದರಲ್ಲಿ ಆ ಭಾಗದ ಉಚ್ಚಾರಣೆನೂ ಇಡೀ ಅಕ್ಷರದ ಉಚ್ಚಾರಣೆನೂ ಹತ್ರ ಇದ್ರೆ ಕಥೆ ಕಟ್ಟೋದು ನಿಲ್ಲಿಸಿ.

ಸದ್ದಿನ ಭಾಗ ಬಿಟ್ಟ ಮೇಲೂ ಉಳಿಯೋದು ಇದೆಯಲ್ಲ, ಅದನ್ನ ಗಟ್ಟಿಯಾಗಿ ಹಿಡೀರಿ. ಹೊಟ್ಟೆಕಿಚ್ಚು, ಗುಲಾಮ, ಮೋಸ ಅನ್ನೋ ಅರ್ಥದ ಹಲವು ಅಕ್ಷರಗಳಿಗೆ ಎಡಗಡೆ ಹೆಂಗಸಿನ ಗುರುತು ಹಾಕಿದ್ದಾರೆ. ಗಂಡಸರಿಗೆ ಹೊಟ್ಟೆಕಿಚ್ಚು ಇಲ್ವಾ? ಮದುವೆಗೆ ಎರಡು ಕ್ರಿಯಾಪದ ಇದೆ, ಹೆಣ್ಣಾದ್ರೆ ಜ್ಯಾ, ಅದರಲ್ಲಿ ಹೆಂಗಸು ಮತ್ತು ಮನೆ. ಗಂಡಾದ್ರೆ ಛ್ಯೂ, ಅದರಲ್ಲಿ ತಗೊಳೋದು ಮತ್ತು ಹೆಂಗಸು. ಮನೆ, ತಗೊಳೋದು ಅನ್ನೋ ಭಾಗಗಳು ಇಲ್ಲಿ ಸದ್ದಿಗೂ ಹೌದು, ಅರ್ಥಕ್ಕೂ ಹೌದು. ಒಬ್ಬಳು ಒಂದು ಮನೆಗೆ ಹೋಗ್ತಾಳೆ, ಒಬ್ಬ ಅವಳನ್ನ ತಗೊಳ್ತಾನೆ. ಓದಿದಾಗ ನನಗೆ ಸಿಟ್ಟು ಬಂತು, ಆಮೇಲೆ ನಮ್ಮೂರ ಮಾತು ನೆನಪಾಯ್ತು: ಮಾಲೂರಿಗೆ ಹೆಣ್ಣು ಕೊಟ್ಟಿದ್ದೀವಿ, ಚಿಂತಾಮಣಿಯಿಂದ ಹೆಣ್ಣು ತಂದಿದ್ದೀವಿ. ಗಂಡು ಕೊಟ್ವಿ ಅಂತ ಯಾರಾದ್ರೂ ಹೇಳೋದು ಕೇಳಿದ್ದೀರಾ.

ಷಂಗ್ ನ್ಯೂ ಅನ್ನೋ ಪದದ ಹತ್ರ ಸ್ವಲ್ಪ ನಿಲ್ಲಬೇಕು. ಅವರ ಫ್ರಿಜ್ಜಲ್ಲಿರೋ ನಿನ್ನೆ ಅನ್ನ ಷಂಗ್ ಫಾನ್, ಅಂದ್ರೆ ತಂಗಳನ್ನ. ಅದೇ ಷಂಗ್ ತಗೊಂಡು ಹೆಣ್ಣು ಅನ್ನೋ ಪದದ ಮುಂದೆ ಹಚ್ಚಿ, ಇಪ್ಪತ್ತೇಳು ದಾಟಿ ಮದುವೆ ಆಗದೇ ಇರೋ ಓದಿದ ಹುಡುಗೀರಿಗೆ ಷಂಗ್ ನ್ಯೂ ಅಂದ್ರು, ಮಿಕ್ಕಿದ ಹೆಣ್ಣು. 2007ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯದ ಹೊಸ ಪದಗಳ ಪಟ್ಟೀಲಿ ಇದು ಸೇರ್ತು, ಸರ್ಕಾರಿ ಮಹಿಳಾ ಒಕ್ಕೂಟವೇ ಇದನ್ನ ಬಳಸಿ ಲೇಖನ ಹಾಕ್ತು, ಟೀವಿ ಪೇಪರು ಎಲ್ಲ ಕಡೆ ಹರಡ್ತು. ಈಗ ಲೆಕ್ಕ ನೋಡಿ: 2020ರ ಜನಗಣತೀಲಿ ಚೀನಾದಲ್ಲಿ ಹೆಂಗಸರಿಗಿಂತ ಗಂಡಸರು ಸುಮಾರು 3.49 ಕೋಟಿ ಜಾಸ್ತಿ. ಮಿಕ್ಕಿರೋದು ಗಂಡಸರು, ತಂಗಳು ಅನ್ನಿಸ್ಕೊಂಡಿದ್ದು ಹೆಂಗಸರು. ಪದ ಲೆಕ್ಕಾಚಾರದಿಂದ ಹುಟ್ಟಲ್ಲ, ಹೇಳೋರ ಅಧಿಕಾರದಿಂದ ಹುಟ್ಟುತ್ತೆ ಅನ್ನೋದು ನನಗೆ ಇದರಿಂದಲೇ ತಿಳಿದಿದ್ದು. ನಮ್ಮ ಕಡೆ ರೈತರ ಮಕ್ಕಳಿಗೆ ಹೆಣ್ಣು ಸಿಗ್ತಿಲ್ಲ ಅಂತ ದಿನಾ ಕೇಳ್ತೀವಿ, ಆದ್ರೂ ಮೂವತ್ತಾದ ಹುಡುಗೀನ ನೋಡಿ "ಇನ್ನೂ ಮನೇಲೇ ಇದಾಳಾ" ಅನ್ನೋದು ನಿಂತಿದ್ಯಾ? ಅಲ್ಲಿನ ಹೆಣ್ಣುಮಕ್ಕಳು ಒಂದು ಚಂದದ ಕೆಲಸ ಮಾಡಿದ್ರು, ಮಿಕ್ಕಿದ್ದು ಅನ್ನೋ ಅಕ್ಷರ ತೆಗೆದು ಅದೇ ಸದ್ದು, ಅದೇ ಸ್ವರ ಇರೋ ಗೆಲುವು ಅನ್ನೋ ಅಕ್ಷರ ಇಟ್ರು. ಬಾಯಲ್ಲಿ ಹೇಳಿದ್ರೆ ವ್ಯತ್ಯಾಸ ಇಲ್ಲ, ಬರೆದ್ರೆ ಗೆದ್ದ ಹೆಣ್ಣು.

ಅವನು, ಅವಳು, ಅದು ಮೂರಕ್ಕೂ ಬಾಯಲ್ಲಿ ಥಾ ಒಂದೇ. ನಮ್ಮ ತೈವಾನ್ ಇಂಜಿನಿಯರ್‌ಗಳು ಇಂಗ್ಲಿಷಲ್ಲಿ ನನ್ನನ್ನೇ ಹೀ ಅಂತಿದ್ದಿದ್ದು ಅದಕ್ಕೇ, ಅಗೌರವ ಅಲ್ಲ. ಬರವಣಿಗೇಲಿ ಅವಳು ಅನ್ನೋಕೆ ಹೆಂಗಸಿನ ಗುರುತಿರೋ ಬೇರೆ ಅಕ್ಷರ ರೂಢಿಗೆ ತಂದಿದ್ದು ಲಿಯು ಪಾನ್‌ನೊಂಗ್ ಅನ್ನೋ ಕವಿ, 1920ರ ಸುಮಾರಿಗೆ. ಅದಕ್ಕೆ ಮುಂಚೆ ಎಲ್ರಿಗೂ ಮನುಷ್ಯನ ಗುರುತಿರೋ ಅಕ್ಷರ ಇತ್ತು. ನಮ್ಮಿಂದ ಮನುಷ್ಯನ ಗುರುತು ಯಾಕೆ ಕಿತ್ಕೊಂಡ್ರಿ ಅಂತ ಕೆಲವು ಹೆಂಗಸರು ಆಗ್ಲೇ ತಕರಾರು ತೆಗೆದ್ರು. ಈಗ ಹುಡುಗ್ರು ಗಂಡು ಹೆಣ್ಣು ಹೇಳೋದೇ ಬೇಡ ಅಂದ್ರೆ ಇಂಗ್ಲಿಷ್ ಅಕ್ಷರದಲ್ಲಿ ಟಿ ಎ ಅಂತ ಬರೆದು ಬಿಡ್ತಾರೆ.

ಮೂರನೇ ಕೆಲಸ, ಯಾರು ಯಾರಿಗೆ ಹೇಳ್ತಾರೆ ನೋಡೋದು. ಸಂಬಂಧದ ಪದಗಳು ನಮಗೆ ತುಂಬಾ ಸುಲಭ. ಅಕ್ಕ ಬೇರೆ ತಂಗಿ ಬೇರೆ, ದೊಡ್ಡಪ್ಪ ಬೇರೆ ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ, ಎಲ್ಲ ಅಲ್ಲೂ ಇದೆ. ಜ್ಯೆ ಜ್ಯೆ ಅಕ್ಕ, ಮೇಯ್ ಮೇಯ್ ತಂಗಿ, ಜ್ಯೋ ಜ್ಯೋ ಸೋದರಮಾವ. "ಊಟ ಆಯ್ತಾ" ಅಂತ ಕೇಳೋದೂ ಅವರಲ್ಲಿ ನಮಸ್ಕಾರ ಹೇಳೋ ಒಂದು ಹಳೇ ರೀತಿ, ನಮ್ಮ ಹಾಗೇ. ಆದ್ರೆ ಅಮ್ಮನ ಅಮ್ಮನ್ನ ವಾಯ್ ಫೋ ಅಂತಾರೆ, ವಾಯ್ ಅಂದ್ರೆ ಹೊರಗೆ. ಹೊರಗಿನ ಅಜ್ಜಿ! ನನ್ನ ಸಾಕಿದ್ದೇ ಅಮ್ಮನ ಅಮ್ಮ, ಬಂಗಾರಪೇಟೇಲಿ, ಅವರನ್ನ ಹೊರಗಿನೋರು ಅಂತ ಕರೆಯೋದು ನನಗೆ ಊಹೆಗೂ ಬರಲ್ಲ. ಆದ್ರೂ 2018ರಲ್ಲಿ ಶಾಂಘೈನ ಒಂದು ಪಠ್ಯಪುಸ್ತಕದಲ್ಲಿ ವಾಯ್ ಫೋ ತೆಗೆದು ಉತ್ತರದೋರ ಪದ ಲಾವ್ ಲಾವ್ ಹಾಕಿದಾಗ ಶಾಂಘೈ ಜನ ಗಲಾಟೆ ಮಾಡಿದ್ರು, ನಮ್ಮ ಅಜ್ಜೀನ ಯಾಕೆ ಕಿತ್ಕೊಳ್ತೀರಿ ಅನ್ನೋ ಹಾಗೆ, ಕೊನೆಗೆ ವಾಪಸ್ ಹಳೇ ಪದವೇ ಬಂತು. ಅಕ್ಷರ ಬಿಚ್ಚಿದ್ರೆ ಹೊರಗು ಸಿಗುತ್ತೆ, ಆದ್ರೆ ಹೇಳೋರ ಬಾಯಲ್ಲಿ ಅದು ಅಜ್ಜಿ ಮಡಿಲು. ಎರಡೂ ನಿಜ, ಎರಡನ್ನೂ ಬರ್ಕೊಳಿ.

ಇದನ್ನ ನೋಡದೇ ನಾನು ಮಾಡಿದ ತಪ್ಪು ಹೇಳ್ತೀನಿ. ತೈವಾನಿನೋರ ಹತ್ರ ಶ್ಯಾವ್ ಜ್ಯೆ ಅನ್ನೋದನ್ನ ಕಲ್ತಿದ್ದೆ, ಮಿಸ್, ಮೇಡಂ ಅನ್ನೋ ಅರ್ಥದ ಮರ್ಯಾದೆ ಪದ. ಚೀನಾದಿಂದ ಮೆಷಿನ್ ಇನ್‌ಸ್ಟಾಲ್ ಮಾಡೋಕೆ ಒಬ್ಬ ಹುಡುಗಿ ಬಂದ್ಲು, ನಾನು ನಗ್ತಾ ಟೀ ಲೋಟ ಕೊಡ್ತಾ ಶ್ಯಾವ್ ಜ್ಯೆ ಅಂದೆ. ಅವಳು ಲೋಟ ತಗೊಂಡ್ಲು, ಮುಖ ಮಾತ್ರ ಇಳೀತು. ಚೀನಾದಲ್ಲಿ 1990ರ ದಶಕದಿಂದ ಈಚೆಗೆ ಆ ಪದಕ್ಕೆ ಮೈ ಮಾರೋ ಹೆಂಗಸು ಅನ್ನೋ ಅರ್ಥ ಅಂಟಿದೆ, ತೈವಾನಲ್ಲಿ ಇನ್ನೂ ಮರ್ಯಾದೆ ಪದವೇ. ಸಂಜೆ ವಿಷ್ಯ ಗೊತ್ತಾದ ಮೇಲೆ ಹೋಗಿ ಕ್ಷಮೆ ಕೇಳ್ದೆ, ಅವಳು ನನ್ನನ್ನ ಜ್ಯೆ ಅಂತ ಕರೆದ್ಲು, ಅಕ್ಕ. ಹಾಗೇ ಥೊಂಗ್ ಜ್ ಅನ್ನೋದು, ಕಾಮ್ರೇಡ್ ಅಂತ, ಒಂದು ಕಾಲದಲ್ಲಿ ಎಲ್ರನ್ನೂ ಕರೀತಿದ್ದಿದ್ದು. 1980ರ ದಶಕದ ಕೊನೇಲಿ ಹಾಂಗ್‌ಕಾಂಗಲ್ಲಿ ಸಲಿಂಗಿಗಳು ಅದನ್ನ ತಮ್ಮ ಹೆಸರು ಮಾಡ್ಕೊಂಡ್ರು. ಡ್ರೈವರು, ಫಿಟ್ಟರು, ಅಡಿಗೆಯೋರಿಗೆ ಷಿಫು ಅನ್ನಿ, ನಮ್ಮ ಮೇಸ್ತ್ರಿ ತರ, ಯಾರೂ ಬೇಜಾರು ಮಾಡ್ಕೊಳಲ್ಲ.

ಇನ್ನು ಮೀಡಿಯಾ. ಚೀನಾದ ಆಪುಗಳು ವೀಚಾಟ್, ವೇಯ್‌ಬೋ ನಮ್ಮ ದೇಶದಲ್ಲಿ 2020ರ ಜೂನಿಂದ ಬ್ಯಾನ್, ಅದನ್ನ ಹುಡುಕ್ಬೇಡಿ. ಒಂದೇ ಸುದ್ದೀನ ಮೂರು ಕಡೆ ತೆರೆದು ಓದಿ: ಚೀನಾ ಸರ್ಕಾರಿ ಪಕ್ಷದ ಪೀಪಲ್ಸ್ ಡೈಲಿ, ತೈವಾನಿನ ಒಂದು ಪೇಪರ್, ಸಿಂಗಾಪುರದ ಲ್ಯಾನ್‌ಹ ಜಾವ್‌ಪಾವ್. ಪೂರ್ತಿ ಅರ್ಥ ಆಗ್ಬೇಕಿಲ್ಲ, ಹೆಸರುಗಳನ್ನ ಮಾತ್ರ ಹೋಲಿಸಿ. 2020ರಲ್ಲಿ ತೈವಾನ್ ಪೇಪರುಗಳು ವುಹಾನ್ ನ್ಯುಮೋನಿಯಾ ಅಂತ ಬರೀತಿದ್ರೆ ಚೀನಾದೋರು ಹೊಸ ಕೊರೊನಾ ನ್ಯುಮೋನಿಯಾ ಅಂತಿದ್ರು. ನಮ್ಮ ಅರುಣಾಚಲ ಪ್ರದೇಶಕ್ಕೆ ಚೀನಾ ಪೇಪರಲ್ಲಿ ಚಾಂಗ್‌ನಾನ್, ದಕ್ಷಿಣ ಟಿಬೆಟ್. ನಮ್ಮ ಹೆಸರು ಹಾಕಲೇಬೇಕಾಗಿ ಬಂದ್ರೆ ಮುಂದೆ ಸುವೋ ವೇಯ್ ಅಂತ ಸೇರಿಸ್ತಾರೆ, ನಮ್ಮ ಪೇಪರಿನ "ಎನ್ನಲಾದ" ಇದೆಯಲ್ಲ ಹಾಗೆ. ಸುವೋ ವೇಯ್ ಕಂಡ ಕಡೆಯೆಲ್ಲ ಗೆರೆ ಎಳೀರಿ, ಅವರು ಏನನ್ನ ಒಪ್ಪಲ್ಲ ಅನ್ನೋ ಪಟ್ಟಿ ತಾನಾಗೇ ಸಿಗುತ್ತೆ. ಭಾಷೆ ಹೆಸರೇ ನೋಡಿ, ಚೀನಾದಲ್ಲಿ ಫೂ ಥೊಂಗ್ ಹ್ವಾ ಅಂದ್ರೆ ಎಲ್ರ ಸಾಮಾನ್ಯ ಮಾತು, ತೈವಾನಲ್ಲಿ ಕುವೋ ಯೂ ಅಂದ್ರೆ ದೇಶದ ಭಾಷೆ, ಸಿಂಗಾಪುರದಲ್ಲಿ ಹ್ವಾ ಯೂ ಅಂದ್ರೆ ಚೀನೀ ಮೂಲದ ಜನರ ಭಾಷೆ. ಮಾತು ಹೆಚ್ಚುಕಮ್ಮಿ ಒಂದೇ, ಹೆಸರು ಮೂರು, ಮೂರಕ್ಕೂ ಅವರವರ ರಾಜಕೀಯ. ಬೀಜಿಂಗಿನೋರಿಗೆ ಕಿವೀಲಿ ಕೇಳಿದ್ರೆ ಅರ್ಥನೇ ಆಗದ ಕ್ಯಾಂಟನೀಸನ್ನೂ ಅಲ್ಲಿ ಫಾಂಗ್ ಯಾನ್ ಅಂತಾರೆ, ಜಾಗದ ಮಾತು, ಉಪಭಾಷೆ. ಮನೇಲಿ ತೆಲುಗು, ಬೀದೀಲಿ ಕನ್ನಡ ಅಂತ ಬೆಳೆದ ಕೋಲಾರದೋರಿಗೆ ಇದರ ನೋವು ಬಿಡಿಸಿ ಹೇಳ್ಬೇಕಾಗಿಲ್ಲ.

ಸರ್ಕಾರದ ಪದನ ಜನ ತಿರುಗಿಸೋದನ್ನ ನೋಡೋದು ಇನ್ನೂ ರುಚಿ, ಇಲ್ಲಿ ಆ ಸ್ವರಗಳು ಬೇಕು. 2004ರಿಂದ ಆಗಿನ ಚೀನಾ ಅಧ್ಯಕ್ಷ ಹೂ ಜಿಂಟಾವ್ ಕಾಲದಲ್ಲಿ ಹ ಶ್ಯೆ, ಸಾಮರಸ್ಯದ ಸಮಾಜ, ಅಂತ ಎಲ್ಲ ಕಡೆ ಬೋರ್ಡು. ಇಂಟರ್ನೆಟ್ಟಲ್ಲಿ ಬರೆದಿದ್ದು ಡಿಲೀಟ್ ಆದ್ರೆ ಜನ "ನನಗೆ ಸಾಮರಸ್ಯ ಮಾಡಿಬಿಟ್ರು" ಅಂದ್ರು. ಅದನ್ನೂ ತಡೆದಾಗ ಹ ಶ್ಯೆ ಅನ್ನೋದರಲ್ಲಿ ಶ್ಯೆ ಮಾತ್ರ ಕೆಳಕ್ಕೆ ಬೀಳೋ ಸ್ವರಕ್ಕೆ ಬದಲಾಯಿಸಿದ್ರು, ಆಗ ಅದು ಹೊಳೆ ಏಡಿ. ಪೋಸ್ಟನ್ನ ಏಡಿ ಕಚ್ಕೊಂಡು ಹೋಯ್ತು. ಚೀನಾದಲ್ಲಿ 2009ರ ವರ್ಷದ ಅಕ್ಷರ ಅಂತ ಆಯ್ಕೆ ಆಗಿದ್ದು ಪೇಯ್, ಅಂದ್ರೆ ನಮ್ಮ "-ಲ್ಪಟ್ಟ". ಕೆಲಸ ಸಿಗದ ಪದವೀಧರರ ಹೆಸರನ್ನ ಕಾಲೇಜುಗಳು ಕೆಲಸ ಸಿಕ್ಕಿದೆ ಅಂತ ಲೆಕ್ಕಕ್ಕೆ ಹಾಕಿದಾಗ ಹುಡುಗ್ರು "ನಾನು ಉದ್ಯೋಗಕ್ಕೆ ಸೇರಿಸಲ್ಪಟ್ಟೆ" ಅಂತ ಬರೆದ್ರು. ಕನ್ನಡದಲ್ಲಿ ಲ್ಪಟ್ಟ ಅನ್ನೋದು ಪೇಪರ್ ಮತ್ತೆ ಸರ್ಕಾರಿ ಕಾಗದದಲ್ಲಿ ಬಿಟ್ರೆ ಯಾರ ಬಾಯಲ್ಲೂ ಬರಲ್ಲ, ಹಾಗಾಗಿ ಈ ಪದದ ಚುಚ್ಚು ನಮಗೆ ತಕ್ಷಣ ಗೊತ್ತಾಗುತ್ತೆ. 2018ರಲ್ಲಿ ಮೀಟೂ ಹ್ಯಾಶ್‌ಟ್ಯಾಗ್ ತಡೆದಾಗ ಹೆಣ್ಣುಮಕ್ಕಳು ಅಕ್ಕಿ ಮತ್ತೆ ಮೊಲದ ಚಿತ್ರ ಹಾಕಿದ್ರು, ಅಕ್ಕಿ ಮೀ, ಮೊಲ ಥೂ. ಅಕ್ಕಿ ಪಕ್ಕ ಮೊಲ ಕಂಡ್ರೆ ಅಡಿಗೆ ವಿಷ್ಯ ಅಂದ್ಕೋಬೇಡಿ.

ನೋಟ್‌ಬುಕ್ ಹೇಗೆ ಇಡೋದು ಅಂತ ಹೇಳಿ ನಿಲ್ಲಿಸ್ತೀನಿ. ಒಂದು ಪದಕ್ಕೆ ಅರ್ಧ ಪುಟ. ಮೇಲೆ ಕನ್ನಡದಲ್ಲಿ ಉಚ್ಚಾರಣೆ, ಪಕ್ಕದಲ್ಲಿ ಸ್ವರದ ಗೆರೆ. ಕೆಳಗೆ ಯಾರು ಹೇಳಿದ್ರು, ಯಾರಿಗೆ, ಎಲ್ಲಿ, ಯಾವ ತಾರೀಕು. ಆಮೇಲೆ ಕನ್ನಡದ ಜೋಡಿ ಪದ, ಡಿಕ್ಷನರಿ ಅರ್ಥ ಕೊನೇಲಿ. ಮಿಕ್ಕಿದ ಜಾಗ ಖಾಲಿ ಬಿಡಿ, ತುಂಬಿಸೋಕೆ ಹೋಗ್ಬೇಡಿ. ನನ್ನ ಶ್ಯಾವ್ ಜ್ಯೆ ಪುಟದಲ್ಲಿ ಈಗ ಮೂರು ಸಲ ಹೊಡೆದು ಹಾಕಿ ಬರೆದಿದ್ದು ಇದೆ. ಮೊದಲ ಪದ ಯಾವ್ದು ಬರೀಲಿ ಅಂತ ಕೇಳೋರಿಗೆ ನಾನು ಕೊಡೋದು ಮೋ ಲೀ. ಬೌದ್ಧ ಭಿಕ್ಷುಗಳು ಓಡಾಡಿದ ಕಾಲದಲ್ಲಿ ಸಂಸ್ಕೃತದ ಮಲ್ಲಿಕಾ ಅಲ್ಲಿಗೆ ಹೋಗಿ ಮೋ ಲೀ ಆಯ್ತು. ಮೆಷಿನ್ ಇನ್‌ಸ್ಟಾಲ್ ಮಾಡೋಕೆ ಬಂದಿದ್ದ ಚೀನಾದ ಆ ಹುಡುಗಿ ವಾಪಸ್ ಹೋಗೋ ದಿನ ಬಸ್ ಸ್ಟ್ಯಾಂಡ್ ಹತ್ರ ಒಂದು ಮೊಳ ಹೂ ತಗೊಂಡು ಅವಳ ಜಡೆಗೆ ಮುಡಿಸ್ದೆ, ಇದಕ್ಕೆ ಏನಂತಾರೆ ಅಂತ ಅವಳು ಕೇಳಿದ್ಲು, ಮಲ್ಲಿಗೆ ಅಂದೆ. ಎರಡು ಸಲ ಮೆತ್ತಗೆ ಹೇಳ್ಕೊಂಡ್ಲು, ಮೋ ಲೀ, ಮಲ್ಲಿಗೆ, ಅಂತ. ಅದನ್ನೂ ತಾರೀಕು ಹಾಕಿ ಬರ್ಕೊಂಡಿದ್ದೀನಿ.